ವ್ಯತ್ಯಾಸ: ಒಂದು

ಡಿಸೆಂಬರ್ ಹತ್ತರೊಳಗೆ ವರದಿ ಚಂಫಾಯಿಗೆ ತಲುಪಬೇಕು.
ಸಂಬಳವಿಲ್ಲದ ನಾಲ್ಕು ಜನರನ್ನು
ಒಂದು ಮೇಜಿನ ಸುತ್ತ ಕೂರಿಸುವುದೆಂದರೆ
ಕಪ್ಪೆ ತೂಗಿದ ಹಾಗೆ.
ಒಬ್ಬರು ಬರುವಷ್ಟರಲ್ಲಿ ಇನ್ನೊಬ್ಬರು
ಹಂದಿಗೆ ಮೇವು ಬೇಯಿಸಲು ಎದ್ದಿರುತ್ತಾರೆ.

ದೀಕ್ಷಾಸ್ನಾನದ ಪುಸ್ತಕ ಲಿಯಾನ್‌ಸಿಯಾಮನದು:
ಮೇಷ್ಟ್ರು, ಹಸಿರು ಶಾಯಿ, ಗೆರೆ ದಾಟದ ಅಕ್ಷರ.
ಕಾಣಿಕೆಯದು ಹ್ರಾಂಗ್‌ಕಾಪನದು.
ಕೂಡುವಾಗ ಅವನ ತುಟಿ ಅಲ್ಲಾಡುತ್ತದೆ,
ಪ್ರಾರ್ಥನೆಯಲ್ಲಿ ಅಲ್ಲಾಡುವುದಿಲ್ಲ.
ಮುಷ್ಟಿ ಅಕ್ಕಿಯದು ನ್ಗುರಿಯದು, ಆಗ ಅವಳಿಗೆ ಹದಿನಾರು.
ಒಲೆ ಹತ್ತಿಸಿದಾಗೆಲ್ಲ ಹೆಂಗಸರು
ದೇವರಿಗೆಂದು ಎತ್ತಿಟ್ಟ ಹಿಡಿಯನ್ನು
ಶನಿವಾರ ಮನೆಮನೆಗೆ ಹೋಗಿ
ಹಾಲಿನಪುಡಿ ಡಬ್ಬಿಯಲ್ಲಿ ಅಳೆದು ಬರೆಯುತ್ತಿದ್ದಳು.
ಸಾವಿನ ಪುಸ್ತಕ ಪಿ ದರ್ಖುಮಿಯವರದು,
ಇಪ್ಪತ್ತೆರಡು ವರ್ಷದಿಂದ.
ಅದನ್ನು ಬೇರೆ ಯಾರೂ ಕೇಳಿಲ್ಲ.

ನನ್ನ ಕೆಲಸ ಇವನ್ನೆಲ್ಲ ಹೊಂದಿಸುವುದು.
ಹೋದ ವರ್ಷದವರಿಗೆ ಹುಟ್ಟಿದವರನ್ನು ಕೂಡಿ,
ಸತ್ತವರನ್ನು ಕಳೆದು,
ತಿಯಾವು ಹೊಳೆ ದಾಟಿ ಬರ್ಮಾಕ್ಕೆ ಹೋದವರನ್ನೂ ಕಳೆದು,
ಉಳಿದದ್ದು ಭಾನುವಾರ ಬೆಂಚಿನ ಮೇಲೆ ಕೂತಿರಬೇಕು.

ಆ ವರ್ಷ ಪುಸ್ತಕದಲ್ಲಿ ನಾನ್ನೂರ ಹನ್ನೆರಡು.
ತಲೆ ಎಣಿಸಿದರೆ ಹನ್ನೊಂದು.
ಹ್ರಾಂಗ್‌ಕಾಪ ಮೂರು ಸಲ ಕೂಡಿದ.
ಮೇಷ್ಟ್ರು ನನ್ನ ಕನ್ನಡಕ ಇಸಕೊಂಡರು.
ಎಲ್ಲೋ ಕೈತಪ್ಪಿದೆ, ಅಂದೆ.
ಪಿ ದರ್ಖುಮಿ ಚಹಾ ಬಗ್ಗಿಸುತ್ತಿದ್ದರು.
ಹೌದು, ಅಂದರು, ಕೈತಪ್ಪಿದೆ.

ನ್ಗುರಿ ಮಾತಾಡದೆ ತನ್ನ ಪುಸ್ತಕವನ್ನು
ನನ್ನ ಕಡೆಗೆ ತಳ್ಳಿದಳು.
ದರ್ಖುಮಿಯವರ ಮನೆ.
ಜನವರಿ: ಮೂರು ಡಬ್ಬಿ, ಮೇಲೊಂದು ಪುಟ್ಟ ಹಿಡಿ.
ಫೆಬ್ರವರಿ: ಮೂರು ಡಬ್ಬಿ, ಮೇಲೊಂದು ಪುಟ್ಟ ಹಿಡಿ.
(ಇದನ್ನೇಕೆ ಬೇರೆ ಬರೆದೆ, ಅಕ್ಕಿ ಅಕ್ಕಿಯೇ ಅಲ್ಲವೇ
ಎಂದು ಗದರಿದ್ದೆ ನಾನೇ.
ಬೇರೆಯೇ ಬರಿ ಅಂತ ಹಟ ಹಿಡಿದ, ಅಂದಿದ್ದಳು,
ಬರೆಯುವ ತನಕ ಪೆನ್ನು ಬಿಡಲಿಲ್ಲ.)
ಮಾರ್ಚ್ ಎರಡನೇ ವಾರದಿಂದ:
ಮೂರು ಡಬ್ಬಿ.

ಮರೆತಿದ್ದೆನೇ?
ಗುಂಡಿ ತೋಡುವ ಹುಡುಗರಿಗೆ ಗುದ್ದಲಿ ಹಂಚಿದವನು ನಾನು.
ರಾತ್ರಿಯೆಲ್ಲ ಅವರ ಮನೆಯಲ್ಲಿ ಕೂತು ಊರು ಹಾಡಿತ್ತು,
ನನ್ನ ಗಂಟಲು ಮೂರು ದಿನ ಕಟ್ಟಿತ್ತು.
ಊರಿಗೆಲ್ಲ ಗೊತ್ತಿದ್ದ ಸಾವು
ಪುಸ್ತಕಕ್ಕೆ ಮಾತ್ರ ಗೊತ್ತಿರಲಿಲ್ಲ.

ತೆರೆದು ನೋಡಿದೆ. ಐದಕ್ಕೂ ಆರಕ್ಕೂ ನಡುವೆ
ಒಂದು ಗೆರೆ ಖಾಲಿ. ಸಂಖ್ಯೆ ಕೂಡ ಇಲ್ಲ.
ಮಕ್ಕಳಿಗೆ ಕೊಡುತ್ತಾರಲ್ಲ, ಬಿಟ್ಟ ಸ್ಥಳ ತುಂಬಿರಿ ಅಂತ.
ಮೇಷ್ಟ್ರು ಹಸಿರು ಪೆನ್ನಿನ ಮುಚ್ಚಳ ತೆಗೆದರು.
ಮತ್ತೆ ಹಾಕಿದರು.
ಹೆಸರು ಅವರದೇ ಪುಸ್ತಕದಲ್ಲಿದೆ, ಎರಡು ನೂರ ಏಳನೆಯದು,
ನಕಲು ಮಾಡಲು ಅರ್ಧ ನಿಮಿಷ ಸಾಕು.
ಇಲ್ಲಿಯೂ ನಾನದನ್ನು ಬರೆಯುತ್ತಿಲ್ಲ.

ವರದಿಯ ಕೊನೆಯ ಕಾಲಂ ಷರಾ.
ಅದರಲ್ಲಿ ಬರೆದೆ: ವ್ಯತ್ಯಾಸ ಒಂದು.
ಪರಿಶೀಲನೆಯಲ್ಲಿದೆ.
ಇದು ನಾಲ್ಕನೇ ಡಿಸೆಂಬರ್.
ಚಂಫಾಯಿಯ ಗುಮಾಸ್ತ ಫೋನು ಮಾಡುತ್ತಾನೆ,
ಇನ್ನೂ ಮುಗಿದಿಲ್ಲವೇ ನಿಮ್ಮದು?
ಇಲ್ಲ ಮಾರಾಯ, ಅನ್ನುತ್ತೇನೆ,
ನಮ್ಮವರು ಬಿಡುವಿದ್ದಾಗ ಮಾಡುವವರು.

ನ್ಗುರಿ ನರ್ಸಿಂಗ್ ಓದಲು ಐಜಾಲಿಗೆ ಹೋದಳು.
ಅಕ್ಕಿಯ ಪುಸ್ತಕಕ್ಕೆ ಹೊಸ ಹುಡುಗ, ಮೀಸೆ ಮೂಡುತ್ತಿದೆ.
ಡಬ್ಬಿಯ ಮೇಲೆ ಪುಟ್ಟ ಹಿಡಿ ಬಿದ್ದರೆ
ಬೇರೆ ಬರೆಯಬೇಕು, ಅಂದೆ.
ಅಕ್ಕಿ ಅಕ್ಕಿಯೇ ಅಲ್ಲವೇ? ಅಂದ.

ಅಲ್ಲ, ಅಂದರು ಪಿ ದರ್ಖುಮಿ,
ಅವನ ಲೋಟಕ್ಕೆ ಚಹಾ ಬಗ್ಗಿಸುತ್ತಾ.