ಮಾಬುನ್ನಿಯ ಎರಡು ಪಟ

ಕೌಲ್ ಬಜಾರಿನ ಹಿಂದಿನ ಗಲ್ಲಿ. ಹನ್ನೊಂದರ ಬಿಸಿಲು.
ಅಡ್ಡ ಕಟ್ಟಿದ ಹಗ್ಗಗಳ ಮೇಲೆ ಜೀನ್ಸ್ ಪ್ಯಾಂಟುಗಳು
ತಲೆಕೆಳಗಾಗಿ ನೇತಾಡುತ್ತ
ಯಾರದೋ ಸೊಂಟಕ್ಕೆ, ಯಾವುದೋ ಊರಿಗೆ
ತೊಟ್ಟಿಕ್ಕಿಕೊಂಡು ಕಾಯುತ್ತಿದ್ದವು.
ಮೋರಿಯ ನೀರೂ ನೀಲಿ.
ಅದನ್ನು ಕುಡಿದ ಬೆಕ್ಕಿನ ಮೀಸೆಯೂ ನೀಲಿಯೆಂದು
ಹುಡುಗನೊಬ್ಬ ಆಣೆ ಮಾಡಿ ಹೇಳಿದ. ನಾನು ನೋಡಲಿಲ್ಲ.

ಮಾಬುನ್ನಿ ಕೂತಿದ್ದಳು
ಕವುಚಿದ ಬಕೆಟ್ಟಿನ ಮೇಲೆ, ಚಹಾ ಬರುವತನಕ.
ಅರಿಶಿನ ಬಣ್ಣದ ಗೋಡೆ, ಗಿಳಿಹಸಿರು ಸೀರೆ,
ಕೆಂಪು ಬಕೆಟ್ಟು, ಯಾವುದೋ ಪಕ್ಷದ ಅರ್ಧ ಅಳಿಸಿದ ಗುರುತು,
ಎಲ್ಲವೂ ನನ್ನ ನೋಡು, ನನ್ನ ನೋಡು ಎಂದು
ಕಿರುಚುವ ಮಕ್ಕಳ ಹಾಗೆ
ಅವಳ ಮುಖವನ್ನು ಮೊಣಕೈಯಲ್ಲಿ ತಳ್ಳುತ್ತಿದ್ದವು.

ಇದು ಕಪ್ಪು-ಬಿಳುಪಿನ ಮುಖ, ಅಂದುಕೊಂಡೆ.
ಹಾಗೆ ಅಂದುಕೊಳ್ಳುವುದು ನನ್ನ ಚಾಳಿ.
ಸುಕ್ಕು ಕಂಡರೆ ಬಣ್ಣ ತೆಗೆದುಬಿಡುತ್ತೇನೆ,
ಮಕ್ಕಳು ಕಂಡರೆ ಮತ್ತೆ ಹಾಕುತ್ತೇನೆ.
ಊರೂರು ತಿರುಗಿ ಕಲಿತದ್ದು ಇಷ್ಟೇ.

"ತೆಗೀಲೇನಮ್ಮ?" ಅಂದೆ.
ಕೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು.
ಆಮೇಲೆ ಏನೆನ್ನಿಸಿತೋ,
ಮೊಣಕೈವರೆಗೆ ನೀಲಿಯಾದವನ್ನು ಹೊರತೆಗೆದು
ನನ್ನ ಮುಂದೆ ಚಾಚಿದಳು:
"ರೇಷನ್ ಅಂಗಡಿ ಮಷೀನು ನನ್ ಹೆಬ್ಬೆಟ್ಟು ಒಲ್ಲೆ ಅಂತೈತಪ್ಪ.
ಒರೆಸ್ಕಂಡು ಇಡು ಅಂತಾನ, ಇಡ್ತೀನಿ.
ಎಂಜಲು ಹಚ್ಚು ಅಂತಾನ, ಹಚ್ತೀನಿ.
ಗೆರೀನೇ ಇಲ್ಲಂತ.
ನಿನ್ ಮಷೀನು ಏನಂತೈತಿ, ನೋಡು."

ನನ್ನ ಮಷೀನು ಏನೂ ಅನ್ನಲಿಲ್ಲ. ಟಕ್ ಅಂತು.

ರಾತ್ರಿ, ಸ್ಟೇಷನ್ನಿನ ಎದುರಿನ ಲಾಡ್ಜು.
ಒಗ್ಗರಣಿ-ಮಿರ್ಚಿಯ ಎಣ್ಣೆ ಬೆರಳು ಒರೆಸಿಕೊಂಡು
ಲ್ಯಾಪ್‌ಟಾಪ್ ತೆರೆದೆ.
ರೀಲಿನ ಕಾಲದಲ್ಲಾದರೆ
ರೈಲು ಹತ್ತುವ ಮೊದಲೇ ತೀರ್ಮಾನವಾಗಿರುತ್ತಿತ್ತು,
ಡಬ್ಬಿಯೊಳಗೆ ಏನಿದೆಯೋ ಲೋಕವೂ ಅದೇ.
ಈಗ ಒಂದು ಗುಂಡಿ.
ಒತ್ತಿದರೆ ಹೋಗುತ್ತದೆ, ಮತ್ತೊತ್ತಿದರೆ ಬರುತ್ತದೆ.

ಒತ್ತಿದೆ.
ಗೋಡೆ ಸುಮ್ಮನಾಯಿತು. ಬಕೆಟ್ಟು ಸುಮ್ಮನಾಯಿತು.
ಮುಖ ಮುಂದೆ ಬಂತು,
ನಸುಕಿನಲ್ಲಿ ಕೋಟೆಗುಡ್ಡ
ಮನೆಗಳನ್ನೆಲ್ಲ ಹಿಂದೆ ಸರಿಸಿ ಬರುವ ಹಾಗೆ.
ಕೆನ್ನೆಯ ಮೂಳೆ, ಮೂಗುಬೊಟ್ಟಿನ ಚುಕ್ಕಿ ಬೆಳಕು,
ನಗುವಿಗೆ ಮುಂಚಿನ ಆ ಅನುಮಾನ.
ಚೆಲುವಾದ ಪಟ. ಗೋಡೆಗೆ ಹಾಕುವಂಥದು.
ಆದರೆ ಕೈ?
ಬೂದು. ನೆರಳು ಬಿದ್ದಂತೆ, ಒಲೆಮಸಿ ಮೆತ್ತಿದಂತೆ.
ಯಾರ ಕೈಯಾದರೂ ಆಗಬಹುದಿತ್ತು.

ಮತ್ತೊತ್ತಿದೆ. ನೀಲಿ ಬಂತು,
ಜೊತೆಗೆ ಗಿಳಿ, ಅರಿಶಿನ, ಪಕ್ಷ, ಬಕೆಟ್ಟು, ಸಂತೆಗೆ ಸಂತೆ.
ಮಾಬುನ್ನಿ ಗದ್ದಲದ ಹಿಂದಕ್ಕೆ ಸರಿದಳು.
ಕೈ ಮಾತ್ರ ಅಲ್ಲೇ ಇತ್ತು, ಚಾಚಿಕೊಂಡು.

ಕೈಯೊಂದನ್ನೇ ನೀಲಿ ಬಿಟ್ಟು
ಉಳಿದದ್ದನ್ನೆಲ್ಲ ಕಪ್ಪು-ಬಿಳುಪು ಮಾಡುವ
ಮದುವೆ ಆಲ್ಬಮ್ಮಿನ ಗಿಮಿಕ್ಕು ಗೊತ್ತು ನನಗೆ.
ಮಾಡಿಯೂ ನೋಡಿದೆ. ನಾಚಿಕೆಯಾಗಿ ಅಳಿಸಿದೆ.
ಎರಡು ಗಂಟೆಗೆ ಗೂಡ್ಸು ಅದಿರು ಹೊತ್ತು ಹೋಯಿತು.
ಕಿಟಕಿಯ ಗಾಜು ಗಡಗಡ ಅಂದು
ಸುಮ್ಮನಾಗಲು ಬಹಳ ಹೊತ್ತು ಹಿಡಿಯಿತು.

ಬೆಳಿಗ್ಗೆ ಎರಡನ್ನೂ ಪ್ರಿಂಟ್ ಹಾಕಿಸಿ ಒಯ್ದೆ.
ಹತ್ತಿರ ಹಿಡಿದಳು, ದೂರ ಹಿಡಿದಳು,
ಇಸ್ತ್ರಿಯ ಹೊನ್ನೂರಸ್ವಾಮಿಯನ್ನು ಕೂಗಿ ತೋರಿಸಿದಳು.
"ಈ ಕರಿದು ನಂಗಿರ್ಲಿ. ಬಣ್ಣದ್ದು ನೀನೇ ಇಟ್ಕ.
ನೀಲಿ ನಮ್ಮನಿಯಾಗ ಬೇಕಾದಷ್ಟೈತಿ."

ಹೊನ್ನೂರಸ್ವಾಮಿ ನಕ್ಕ.
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಒದ್ದೆ ಕೈಯಲ್ಲೇ ಹಿಡಿದಿದ್ದಳು.
ಪಟದ ಬಿಳಿ ಅಂಚಿನ ಮೇಲೆ
ಹೆಬ್ಬೆಟ್ಟಿನಗಲ ನೀಲಿ,
ಗೆರೆಯೇ ಇಲ್ಲದ್ದು,
ಒಣಗುತ್ತಿತ್ತು.

ಅದರ ಫೋಟೋ ತೆಗೆಯಲಿಲ್ಲ.
ಚಹಾ ಬಂತು. ಕುಡಿದೆವು.