ಏಳನೇ ಕಲಮು, ಮೂರನೇ ಉಪಕಲಮು

ದುಶಾಂಬೆಯ ಆ ಕೋಣೆಗೆ ಕಿಟಕಿಯಿರಲಿಲ್ಲ.
ಆಕಾಶದ ಬಗ್ಗೆ ಹದಿನೆಂಟು ದಿನ ಅಲ್ಲೇ ಕೂತು ಮಾತಾಡಿದೆವು.
ನಾನು ನಡುವಿನವಳು. ದುಭಾಷಿ.
ಆ ಕಡೆಯ ಮಾತು ಈ ಕಡೆಗೆ, ಈ ಕಡೆಯ ಮೌನ ಆ ಕಡೆಗೆ
ಹೊತ್ತು ಹಾಕುವುದು ಕಸುಬು.
ಮೌನಕ್ಕೆ ಪ್ರತ್ಯೇಕ ಭತ್ಯೆ ಇಲ್ಲ.

ಮೊದಲ ವಾರ ಪೂರ್ತಿ ತೂಕದ್ದೇ ಜಗಳ.
ವಿಮಾನದ ತೂಕಕ್ಕೋ, ಹಾದ ದೂರಕ್ಕೋ,
ಇಳಿದರೆ ಎಷ್ಟು, ಇಳಿಯದೆ ಮೇಲಿಂದ ಮೇಲೇ ಹೋದರೆ ಎಷ್ಟು,
ಹಿಮಗಾಳಿಗೆ ಸಿಕ್ಕಿ ವಾಪಸು ತಿರುಗಿದರೆ ಅರ್ಧವೋ ಪೂರ್ತಿಯೋ.
ಉಪಮಂತ್ರಿ ಖುದೊಯ್‌ದೊದ್ ಒಣ ಜರ್ದಾಲು ಬಾಯಿಗೆ ಹಾಕಿಕೊಂಡು
ಬೀಜಗಳನ್ನು ತಟ್ಟೆಯಂಚಿಗೆ ಸಾಲಾಗಿ ಇಡುತ್ತ ಅಂದರು:
"ನಮ್ಮ ನಾಡೆಲ್ಲ ಬೆಟ್ಟ, ಕರ್ನಲ್.
ನಮಗಿರುವ ಸಮತಟ್ಟು ಜಾಗ ಮೇಲಿನದೊಂದೇ.
ಅದನ್ನೂ ಪುಕ್ಕಟೆ ಕೇಳಿದರೆ?"
ಕರ್ನಲ್ ಹಾಲ್ವೊರ್ಸನ್ ನಕ್ಕರು.
ನಗುವನ್ನು ಅನುವಾದಿಸಬೇಕಿರಲಿಲ್ಲ.

ಹೋಗುವಾಗ ಏನೇನು? ಹಿಟ್ಟು, ಡೇರೆ, ಡೀಸೆಲ್, ಬೂಟು.
"ಮಾರಕವಲ್ಲದ ಸರಕು" ಎಂಬ ಮಾತಿಗೇ ಮೂರು ದಿನ ಹಿಡಿಯಿತು.
ಬೂಟು ಮಾರಕವೇ? ಬೂಟಿನೊಳಗಿನ ಕಾಲು?
(ಇದು ನನ್ನ ಪ್ರಶ್ನೆ. ಕೇಳಲಿಲ್ಲ.
ದುಭಾಷಿಗೆ ಸ್ವಂತದ್ದೊಂದು ಪ್ರಶ್ನೆ ಇರಕೂಡದು.)

ಹದಿಮೂರನೆಯ ದಿನ, ಚಹಾ ಆರುತ್ತಿದ್ದಾಗ,
ಕರ್ನಲ್ ಹಾಳೆ ತಿರುವಿ, ಕತ್ತೆತ್ತದೆ ಓದಿದರು:
"ಹಿಂದಿರುಗುವಾಗ, ಪಾರ್ಥಿವ ಶರೀರಗಳು."
ಸುಂಕದ ಗುಮಾಸ್ತ ಶೊದ್‌ಮೊನ್ ಪುಸ್ತಕ ತೆರೆದ.
ಅದರಲ್ಲಿ ಎರಡೇ ಅಂಕಣ: ಸರಕು, ಮುಸಾಫಿರ.
ಉಸಿರಾಡದ್ದೆಲ್ಲ ಸರಕು; ಸರಕಿಗೆ ಟನ್ನಿಗಿಷ್ಟು.
ಕೆಟ್ಟವನಲ್ಲ ಅವನು. ಪೆನ್ನು ಹಿಡಿದು ಕಾಯುತ್ತಿದ್ದ
ನನ್ನ ಬಾಯನ್ನೇ ನೋಡುತ್ತ.

ಎಂಬತ್ತನಾಲ್ಕರಲ್ಲಿ, ನನಗಾಗ ಆರು ವರ್ಷ,
ನದಿಯಾಚೆಯ ಯುದ್ಧದಿಂದ ಸೋದರಮಾವ ಮಿರ್ಜೊನಜರ್ ಬಂದ
ಸತುವಿನ ಪೆಟ್ಟಿಗೆಯಲ್ಲಿ, ಸುತ್ತ ಬೆಸುಗೆ ಹಾಕಿಸಿಕೊಂಡು.
ರಸೀದಿಯಲ್ಲಿ ಹೆಸರಿತ್ತು. ಹೆಸರಿಗೆ ಮುಂಚೆ
"ಸರಕು ಇನ್ನೂರು".
ಅಜ್ಜಿಗೆ ಓದು ಬರದು, ಅಂಕಿ ಮಾತ್ರ ಗೊತ್ತು.
ಇನ್ನೂರು ಏನು, ಕಿಲೋನಾ, ರೂಬಲ್ಲಾ
ಅಂತ ತಂದವನನ್ನು ಕೇಳಿದಳು.
ನಾವೇನಾದರೂ ಕೊಡಬೇಕಾ?

ನಮ್ಮ ಭಾಷೆಯಲ್ಲಿ ಹೊರೆಗೂ ಹಣ್ಣಿಗೂ ಒಂದೇ ಪದ.
ಬಸುರಿಯೂ ಅದನ್ನೇ ಹೊತ್ತವಳು.
ಆ ಪದ ನಾಲಿಗೆಯ ತುದಿಗೆ ಬಂದಿತ್ತು,
ಸರಿಯಾದ ಪದ, ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ.
ನಾನು "ಮುಸಾಫಿರರು" ಅಂದೆ.

ಉಪಮಂತ್ರಿ ತಲೆಯಾಡಿಸಿದರು. ಮುಸಾಫಿರರಿಗೆ ಸುಂಕವಿಲ್ಲ,
ಡೀಸೆಲ್ಲಿನ ಜಗಳ ಇನ್ನೂ ಬಾಕಿಯಿತ್ತು.
ಕರ್ನಲ್ ಪಕ್ಕದಲ್ಲಿ ಅವರದೇ ದುಭಾಷಿ, ಸಮರ್ಕಂದಿನ ಹುಡುಗ.
ಅವನ ಪೆನ್ಸಿಲ್ಲು ನಿಂತಿತು.
ನನ್ನನ್ನು ನೋಡಿದ. ಆಮೇಲೆ ಬೀಜ ಎಣಿಸುವವನ ಹಾಗೆ
ತಟ್ಟೆಯನ್ನು ತುಂಬ ಹೊತ್ತು ನೋಡಿದ.
ಬರೆದುಕೊಂಡ.

ಕರಾರಿನ ಮೂರೂ ಪ್ರತಿ ಸಮಾನವಾಗಿ ಅಧಿಕೃತ
ಎಂದು ಕೊನೆಯ ಪುಟದಲ್ಲಿದೆ.
ನಮ್ಮದರಲ್ಲಿ ಒಂದು ಪದ, ಅವರದರಲ್ಲಿ ಇನ್ನೊಂದು;
ರಷ್ಯನ್ ಪ್ರತಿಯನ್ನು ಯಾರೂ ಓದಿರಲಾರರು.
ಎರಡು ಚಳಿಗಾಲ ಕಾದೆ, ಕರೆ ಬಂದೀತೆಂದು.
ಬಾಗಿಲು ಬಡಿದಾಗಲೆಲ್ಲ ಮೊದಲು ಕೈ ಒರೆಸಿಕೊಂಡೆ.

ನಿನ್ನೆ ಬಜಾರಿನಲ್ಲಿ ಶೊದ್‌ಮೊನ್ ಸಿಕ್ಕ, ಕಂಕುಳಲ್ಲಿ ರೊಟ್ಟಿ.
ವಿಮಾನಗೋಪುರದ ನಮೂನೆಗಳನ್ನು ಈಗ ಅವನೇ ತುಂಬುವುದಂತೆ.
"ಮೊನ್ನೆ ರಾತ್ರಿಯದು," ಅಂದ, ದನಿ ತಗ್ಗಿಸಿ,
"ಮುಸಾಫಿರರು ಹನ್ನೊಂದು.
ಊಟದ ಅಂಕಣದಲ್ಲಿ ಸೊನ್ನೆ. ಯಾರಾದರೂ ಕೇಳಿಯಾರು ಅಂತ
ನಾನೇ ತಿದ್ದಿ 'ಉಪವಾಸ' ಎಂದು ಬರೆದೆ."
ರೊಟ್ಟಿ ಮುರಿದು ನನಗೂ ಕೊಟ್ಟ.
ಬಿಸಿಯಿತ್ತು.