ಎಳೆಯ ತುದಿ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ
ಹತ್ತು ರೂಪಾಯಿಗೆ ಹುರಿದ ಕಡಲೆಕಾಯಿ ಕೊಂಡೆ.
ಕಾಯಿ ಮುಗಿದು ಪೊಟ್ಟಣ ಬಿಚ್ಚಿದರೆ
ಒಳಗೆ ಕೂತಿದ್ದಳು ಖಮರುನ್ನೀಸಾ.

ವಯಸ್ಸು ನಲವತ್ತೊಂದು,
ಗಂಡನ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ,
ಫೋನ್ ನಂಬರು, ಆಧಾರಿನ ಹನ್ನೆರಡೂ ಅಂಕಿ,
‘ಕಾಯಿಲೆ ಇದ್ದರೆ ಬರೆಯಿರಿ’ ಎಂಬಲ್ಲಿ
ನನ್ನದೇ ಕೈಬರಹ: ದಮ್ಮು.
ಕೆಳಗೆ ಎಡಗೈ ಹೆಬ್ಬೆಟ್ಟು,
ಬಿಸಿನೀರಿಗೆ ಸವೆದು ಗೆರೆಯೇ ಮೂಡದ ನೀಲಿ ಕಲೆ.
ಅದಕ್ಕೆ ಉಪ್ಪು ಅಂಟಿತ್ತು.

ನೂಲು ಬಿಚ್ಚುವ ಹೆಂಗಸರ ಸಂಘ ನಮ್ಮದು.
ಇನ್ನೂರ ಹದಿಮೂರು ಜನ, ಒಂದು ಕೋಣೆ, ಒಂದು ಬೀರು,
ಬೀಗದ ಕೈ ನನ್ನ ಸೊಂಟದಲ್ಲಿ.
ಎಷ್ಟು ಜಂಬ ಇತ್ತು ನನಗೆ ಅದರ ಸದ್ದಿನ ಮೇಲೆ!

ಕಳೆದ ವರ್ಷ ಫೈನಾನ್ಸಿನವನು ಬಂದಿದ್ದ,
ಅರ್ಧ ಕೇಜಿ ಪೇಡ, ಒಂದು ಕ್ಯಾಲೆಂಡರು.
‘ಬರೀ ನಂಬರು ಸಾಕು ಮೇಡಂ, ಹೆಸರೂ ಬೇಡ.’
ಪೇಡ ಮುಟ್ಟದೆ ವಾಪಸು ಕಳಿಸಿದೆ.
(ಕ್ಯಾಲೆಂಡರು ಇಟ್ಟುಕೊಂಡೆ, ಸುಳ್ಳು ಹೇಳಬಾರದು.)

ಯುಗಾದಿಗೆ ಮುಂಚೆ ಇನ್ನೊಬ್ಬ, ಇಸ್ತ್ರಿ ಅಂಗಿ, ನಗುಮುಖ:
‘ನಾಗವೇಣಿಯ ಮೈದುನ ನಾನು, ಈಗೆಲ್ಲಿದ್ದಾಳೆ?
ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ.’
ನಾಗವೇಣಿಯ ಮೊಣಕೈ ಸುಟ್ಟಿದ್ದು
ಗೂಡು ಬೇಯಿಸುವ ಬಾಣಲೆಯಲ್ಲಲ್ಲ.
ನನಗೆ ಗೊತ್ತು, ಬೀರುವಿಗೆ ಗೊತ್ತು.
ಅಂಥ ಹೆಸರೇ ಪುಸ್ತಕದಲ್ಲಿಲ್ಲ ಅಂದೆ.
ಈ ಜನ್ಮದಲ್ಲಿ ನಾನಾಡಿದ ಚೆಂದದ ಸುಳ್ಳು ಅದು.

ಬಾಗಿಲಿಗೆ ಬಂದವರನ್ನೆಲ್ಲ ತಡೆದೆ.
ಬೈರೆಡ್ಡಿಯ ಜೆರಾಕ್ಸ್ ಅಂಗಡಿಗೆ ಬಾಗಿಲೇ ಇರಲಿಲ್ಲ.
ಕಪ್ಪಾದ ಪ್ರತಿ, ವಾರೆಯಾದ ಪ್ರತಿ ಬುಟ್ಟಿಗೆ ಬೀಳುತ್ತಿದ್ದವು,
ಬುಟ್ಟಿ ತಕ್ಕಡಿಗೆ, ತಕ್ಕಡಿ ಪೊಟ್ಟಣಕ್ಕೆ.
ಕೆಟ್ಟ ಪ್ರತಿ ಕೊಡಿ ಎಂದು ಒಂದು ದಿನವೂ ಕೇಳಲಿಲ್ಲ ನಾನು,
ಚಿಲ್ಲರೆ ಮಾತ್ರ ಎಣಿಸಿಕೊಂಡು ಬಂದೆ.

ಸಂಜೆ ಚರಕಗಳ ನಡುವೆ ಸಭೆ.
ಪೊಟ್ಟಣ ಕೈಯಿಂದ ಕೈಗೆ ಹೋಯಿತು.
ಪಿಳ್ಳಮ್ಮ ನಕ್ಕಳು:
‘ನಂದೇನೈತೆ ಕದಿಯೋಕೆ? ಒಂದು ಮೇಕೆ, ಅರ್ಧ ಗೋಡೆ.’
ಖಮರುನ್ನೀಸಾ ಮಾತಾಡಲಿಲ್ಲ.
ಬಾಣಲೆಯಿಂದ ಒಂದು ಗೂಡು ಎತ್ತಿ
ಬೆರಳಲ್ಲಿ ಸವರಿ ಸವರಿ ತುದಿ ಹಿಡಿದಳು.
‘ನೋಡು ಪಿಳ್ಳಕ್ಕ, ಬಾಗಿಲಿಲ್ಲ, ಕಿಟಕಿಯಿಲ್ಲ,
ಎಷ್ಟು ಭದ್ರ ಕಟ್ಟೈತೆ.
ತುದಿ ಸಿಕ್ಕರೆ ಮುಗೀತು.
ಮುಕ್ಕಾಲು ಕಿಲೋಮೀಟರು ತಾನಾಗೇ ಬಿಚ್ಕೊಂಡು ಬರ್ತದೆ,
ಕೊನೇಗೆ ಬರೀ ಮೈ ಹುಳ.
ದಿನಾ ನಾವೇ ಮಾಡೋದಲ್ವಾ ಇದು?’

ಆಮೇಲೆ ನೀರು ಕುದಿಯುವುದಷ್ಟೇ ಕೇಳಿಸಿತು.

ಆ ರಾತ್ರಿ ಫಾರಂ ಹರಡಿಕೊಂಡು ಕೂತೆವು.
ಗಂಡನ ಹೆಸರು ನಮಗೇಕೆ? ಹೊಡೆದುಹಾಕಿದೆವು.
ಜಾತಿಯ ಕಲಮು ಯಾಕಿತ್ತೆಂದು
ಒಬ್ಬರಿಗೂ ಹೇಳಲಾಗಲಿಲ್ಲ, ಅದೂ ಹೋಯಿತು.
ದಮ್ಮಿನ ಬಗ್ಗೆ ಜಗಳವೇ ಆಯಿತು.
ಆಸ್ಪತ್ರೆಯ ದುಡ್ಡಿಗೆ ಬೇಕು,
ಇರಲಿ, ಬೇರೆ ಪುಸ್ತಕದಲ್ಲಿ, ಬೇರೆ ಬೀಗದಲ್ಲಿ.
ಅದರ ಕೀಲಿ ಪಿಳ್ಳಮ್ಮನಿಗೆ ಕೊಟ್ಟೆವು.
ಅವಳಿಗೆ ಓದಲು ಬಾರದು,
ಮೇಕೆಯ ಕೊರಳಿಗೆ ಕಟ್ಟುತ್ತೇನೆ ಅಂದಳು.

ಹಳೆಯ ಫಾರಮ್ಮುಗಳು ಒಲೆಗೆ ಹೋದವು.

ಮಾರನೆಯ ದಿನ ಕಡಲೆಕಾಯಿಯವನ ಹತ್ತಿರ
ಕಾಯಿ ಬೇಡ, ಕಾಗದ ಕೊಡು ಅಂದೆ.
ಹುಚ್ಚಿಯನ್ನು ನೋಡಿದಂತೆ ನೋಡಿ, ಕಟ್ಟು ತೂಗಿ ಕೊಟ್ಟ.
ನಮ್ಮವು ಹದಿನೇಳು.
ಮಿಕ್ಕವು ಯಾರಯಾರದೋ: ಮಗುವೊಂದರ ಅಂಕಪಟ್ಟಿ,
ಬ್ಯಾಂಕಿನ ನೋಟೀಸು, ರಕ್ತ ಪರೀಕ್ಷೆಯ ಚೀಟಿ.
ಮುಖ ಕೆಳಗೆ ಮಾಡಿ ಒಂದೊಂದೇ ಒಲೆಗೆ ಹಾಕಿದೆ.
ಕಣ್ಣು ಪೂರ್ತಿ ಮುಚ್ಚಿದ್ದೆ ಅನ್ನಲಾರೆ,
ರಕ್ತದ ಚೀಟಿಯಲ್ಲಿ ಕೆಂಪು ಗೆರೆ ಎಳೆದ ಒಂದು ಸಾಲು
ಉರಿ ಹತ್ತುವ ಮೊದಲು ಕಣ್ಣಿಗೆ ಬಿತ್ತು.

ಅದೇನೆಂದು ಇಲ್ಲಿ ಬರೆಯುವುದಿಲ್ಲ.

ಅಂದಹಾಗೆ ಖಮರುನ್ನೀಸಾ, ನಾಗವೇಣಿ
ಅವರ ಹೆಸರುಗಳಲ್ಲ.
ಪಿಳ್ಳಮ್ಮ ಮಾತ್ರ
‘ನಂದು ಹಾಕು, ಪರವಾಗಿಲ್ಲ’ ಅಂದಳು.